ನಿಮ್ಮಲ್ಲಿ ಒಲೆ ಎಷ್ಟು?

ಜೂನ್ ೩, ೧೯೮೬

ತಂಗೀ,

ಮೂರನೆಯ ಗಂಟೆ ಹೊಡೆಯಿತು, ದೀಪ ಆರಿತು, ಪರದೆ ಎದ್ದಿತು, ಕೇಳು! ನಮ್ಮ ವಠಾರ ಬೀಳುತ್ತದೆ!

ಗಾಬರಿ ಬೇಡ. ತಾನಾಗಿ ಬೀಳುವುದಿಲ್ಲ, ಸರ್ಕಾರ ಬೀಳಿಸುತ್ತದೆ. ಬೀದಿಯ ಕೊನೆಯಲ್ಲಿ ನಾಲ್ಕಂತಸ್ತಿನ ಹೊಸ ಕಟ್ಟಡ ಎದ್ದಿದೆ. ಮನೆಗೊಂದು ನಲ್ಲಿ, ಮನೆಗೆರಡು ಕಿಟಕಿ. ನಮ್ಮನ್ನೆಲ್ಲ ಅಲ್ಲಿಗೆ ಸಾಗಿಸುತ್ತಾರಂತೆ. ನಾವು ಚಿಕ್ಕವರಾಗಿದ್ದಾಗ ಈ ವಠಾರದಲ್ಲಿ ನಲವತ್ತು ಕೋಣೆ, ನಾಲ್ಕು ನಲ್ಲಿ, ಇನ್ನೂರು ತಲೆ. ಈಗಲೂ ನಲವತ್ತೇ ಕೋಣೆ, ನಾಲ್ಕೇ ನಲ್ಲಿ, ಅದರಲ್ಲಿ ಒಂದು ಬರೀ ಗೊರಗೊರ ಎನ್ನುತ್ತದೆ. ತಲೆ ಮಾತ್ರ ನಾನೂರಕ್ಕೆ ಹತ್ತಿರ. ಕೋಣೆ ಬೆಳೆಯಲಿಲ್ಲ, ಕೆಲಸ ಬೆಳೆಯಲಿಲ್ಲ, ನಾವು ಮಾತ್ರ ಬೆಳೆಯುತ್ತಲೇ ಹೋದೆವು. ನಲ್ಲಿಯ ಮುಂದೆ ಕೊಡ ಇಟ್ಟು ಬಂದರೆ ಸರದಿ ಬರುವಷ್ಟರಲ್ಲಿ ಒಂದು ನಾಟಕ ಬರೆದು ಮುಗಿಸಬಹುದು.

ಈಗ ಮುಖ್ಯ ದೃಶ್ಯಕ್ಕೆ ಬರುತ್ತೇನೆ. ನಿನ್ನೆ ಸರ್ವೆ ಗುಮಾಸ್ತ ಬಂದ. ಕಡ್ಡಿಯಂಥ ಮನುಷ್ಯ, ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಕಾಗದ. ಬಾಗಿಲಲ್ಲೇ ನಿಂತು ಕೇಳಿದ, "ನಿಮ್ಮಲ್ಲಿ ಒಲೆ ಎಷ್ಟು?"

ಎಂಥ ಪ್ರಶ್ನೆ! ನಾಟಕ ಕಂಪನಿ ಮುಚ್ಚಿ ಹದಿನಾಲ್ಕು ವರ್ಷವಾಯಿತು. ಅಂದಿನಿಂದ ಬಸ್ ನಿಲ್ದಾಣದ ಮೈಕಿನಲ್ಲಿ "ಬಸ್ಸು ಹೊರಡಲು ಸಿದ್ಧವಾಗಿದೆ" ಎಂದು ಕೂಗುವುದು ಬಿಟ್ಟರೆ ನನಗೆ ಯಾರೂ ಒಂದು ಒಳ್ಳೆಯ ಮಾತಿಗೆ ಅವಕಾಶ ಕೊಟ್ಟಿರಲಿಲ್ಲ. ಕಂಪನಿಯಿಂದ ತಂದ ಎರಡು ಬಣ್ಣದ ಪರದೆ ನಿನಗೆ ಗೊತ್ತಲ್ಲ, ಒಂದರಲ್ಲಿ ಅರಮನೆ, ಒಂದರಲ್ಲಿ ಅಡವಿ? ಕೋಣೆಯನ್ನು ಅವುಗಳಿಂದಲೇ ಭಾಗ ಮಾಡಿದ್ದೇವೆ. ಅರಮನೆಯ ಹಿಂದೆ ದೊಡ್ಡ ಮಗ, ಅವನ ಹೆಂಡತಿ, ಮೂರು ಮಕ್ಕಳು. ಅಡವಿಯ ಹಿಂದೆ ಚಿಕ್ಕವ, ಅವನ ಹೆಂಡತಿ, ಮಗಳು. ನಾನೂ ನಿನ್ನ ಅತ್ತಿಗೆಯೂ ಒಲೆಯ ಪಕ್ಕ. ನಾನು ಅರಮನೆಯ ಮುಂದೆ ಎದೆ ಸೆಟೆದು ನಿಂತೆ.

"ಸ್ವಾಮೀ! ಇದು ನಮ್ಮಪ್ಪ ಹಚ್ಚಿದ ಒಲೆ. ಅಂದು ಇದರ ಮುಂದೆ ಒಂಬತ್ತು ಜನ ಉಂಡೆವು, ಇಂದು ಹತ್ತು ಜನ ಉಣ್ಣುತ್ತೇವೆ. ಈ ಮನೆಯಲ್ಲಿ ಎರಡನೆಯ ಒಲೆ ಎಂದ ನಾಲಿಗೆ ಉದುರಿ ಬೀಳಲಿ! ಬರೆದುಕೊಳ್ಳಿ, ಒಂದೇ ಒಲೆ!"

ವರಾಂಡದಲ್ಲಿ ಚಪ್ಪಾಳೆ, ಸಿಳ್ಳೆ! ಗುಮಾಸ್ತ ಬೆರಗಾಗಿ 'ಒಂದು' ಎಂದು ಬರೆದ. ಹಿಂದಿನಿಂದ ನಿನ್ನ ಅತ್ತಿಗೆ ಅಂಗಿ ಜಗ್ಗಿ, "ರೀ, ಒಂದ್ನಿಮಿಷ ಬಾಯ್ಮುಚ್ಕೊಳ್ಳಿ" ಎಂದಳು. ಪಾಪ, ಅವಳಿಗೂ ಗಂಟಲು ಕಟ್ಟಿತ್ತು.

ಆ ದಿನಗಳು ನೆನಪಾದವು. ಅಪ್ಪ ಅಮ್ಮ, ನಾವು ಏಳು ಮಕ್ಕಳು. ಒಂದೇ ಪಾತ್ರೆ, ಅಮ್ಮ ಕೈತುತ್ತು ಹಾಕುವಾಗ ಸುತ್ತ ಏಳು ಕೈ. ಯಾವುದು ಯಾರ ಕೈ ಎಂದು ಅವಳಿಗೇ ಗೊತ್ತಾಗದೆ ನೀನು ಎರಡು ಸಲ ಚಾಚುತ್ತಿದ್ದೆ, ಕಳ್ಳಿ! ಅಂಥ ಮನೆ ಬಿಟ್ಟು, ಅತ್ತಿಗೆ ಬಂದರೆ ತನ್ನ ದರ್ಬಾರು ಹೋಗುತ್ತದೆಂದು ಮುನಿಸಿಕೊಂಡು, ನನ್ನ ಮದುವೆಗೂ ನಿಲ್ಲದೆ ನರ್ಸ್ ತರಬೇತಿಗೆ ಪೆಟ್ಟಿಗೆ ಕಟ್ಟಿದ ಮಹಾರಾಣಿ ನೀನು. ಇರಲಿ, ಮೂವತ್ತೊಂದು ವರ್ಷದ ಹಳೆಯ ಮುನಿಸು.

ಎಲ್ಲರೂ ಕ್ಷೇಮ. ಚಿಕ್ಕವನ ಮಗಳಿಗೆ ಸ್ವಲ್ಪ ಕೆಮ್ಮು. ಉತ್ತರ ಬರೆ. ಎಂದಿನಂತೆ ವರಾಂಡದಲ್ಲಿ ನಿಂತು ಗಟ್ಟಿಯಾಗಿ ಓದುತ್ತೇನೆ. ಜನ ಕಾಯುತ್ತಿದ್ದಾರೆ.

ಮಾಜಿ ಚಕ್ರವರ್ತಿ, ಹಾಲಿ ಬಸ್ ನಿಲ್ದಾಣದ ಮೈಕು,
ನಿನ್ನ ಅಣ್ಣ


ಜೂನ್ ೧೯, ೧೯೮೬

ಅಣ್ಣ,

ಈ ಪತ್ರವನ್ನು ವರಾಂಡದಲ್ಲಿ ಓದಬೇಡ. ಓದಲು ಶುರು ಮಾಡಿಯಾಗಿದ್ದರೆ ಇಲ್ಲಿಗೇ ನಿಲ್ಲಿಸಿ ಒಂದು ಸಲ ಕೆಮ್ಮಿ ಒಳಗೆ ಹೋಗು.

ಹೋದೆಯಾ? ಈಗ ಕೇಳು. ನಿನಗೆ ಚಪ್ಪಾಳೆ ತಟ್ಟಿದರಲ್ಲ, ಅವರೆಲ್ಲ ತಮ್ಮ ತಮ್ಮ ಮನೆಗೆ ಎಷ್ಟು ಒಲೆ ಬರೆಸಿದರು ಎಂದು ವಿಚಾರಿಸಿದೆಯಾ? ಸರ್ಕಾರದ ಭಾಷೆಯಲ್ಲಿ ಒಲೆ ಎಂದರೆ ಒಲೆಯಲ್ಲ ಮಾರಾಯ, ಸಂಸಾರ. ನಮ್ಮ ಆಸ್ಪತ್ರೆಯ ಪಟ್ಟಿಯಲ್ಲೂ ಹಾಗೇ. ಒಂದು ಒಲೆಗೆ ಒಂದು ಕೋಣೆ. ಅವನು ನಿಮಗೆ ಎಷ್ಟು ಕೋಣೆ ಬೇಕು ಎಂದು ಕೇಳಿದ. ನೀನು ಹತ್ತು ಜನಕ್ಕೆ ಒಂದೇ ಸಾಕು ಎಂದು ಎದೆ ತಟ್ಟಿಕೊಂಡೆ. ಅತ್ತಿಗೆಗೆ ಗಂಟಲು ಕಟ್ಟಿರಲಿಲ್ಲ, ಅರ್ಥವಾಗಿತ್ತು.

ಮಗುವಿನದು 'ಸ್ವಲ್ಪ ಕೆಮ್ಮು' ಅಲ್ಲ, ಉಬ್ಬಸ. ಹೋದ ಚಳಿಗಾಲದಲ್ಲಿ ಎರಡು ಸಲ ತುಟಿ ನೀಲಿಯಾಗಿ ಆಸ್ಪತ್ರೆಗೆ ಹೊತ್ತುಕೊಂಡು ಓಡಿದ್ದನ್ನು ಚಿಕ್ಕವ ನನಗೆ ಬರೆದಿದ್ದಾನೆ. ನೀನು ಬರೆದಿರಲಿಲ್ಲ. ಹತ್ತು ಜನರ ಉಸಿರು, ಸೀಮೆಎಣ್ಣೆಯ ಹೊಗೆ, ಒಂದು ಕಿಟಕಿ, ಅದಕ್ಕೂ ನಿನ್ನ ಅಡವಿಯ ಪರದೆ ಅಡ್ಡ. ಇಂಥ ಎದೆಯ ಮಕ್ಕಳನ್ನು ದಿನವೂ ನೋಡುತ್ತೇನೆ. ಕೆಲವನ್ನು ಎರಡನೆಯ ಸಲ ನೋಡುವುದಿಲ್ಲ.

ನಮ್ಮ ಹೆರಿಗೆ ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬರು ಬಾಣಂತಿಯರು, ಒಬ್ಬಳ ತಲೆ ಆ ಕಡೆ, ಇನ್ನೊಬ್ಬಳದು ಈ ಕಡೆ. ಗೋಡೆಯ ಮೇಲೆ ದೊಡ್ಡ ಚಿತ್ರ, ಅಪ್ಪ, ಅಮ್ಮ, ಎರಡು ಮಕ್ಕಳು, ನಾಲ್ವರಿಗೂ ಹಲ್ಲು ಕಾಣುತ್ತದೆ. ಅದನ್ನು ತೋರಿಸಿ ಪಾಠ ಹೇಳುವುದು ನನ್ನ ಕೆಲಸ. ಮೊನ್ನೆ ಐದನೆಯದನ್ನು ಹೆತ್ತವಳು ಚಿತ್ರ ನೋಡುತ್ತ ಕೇಳಿದಳು, "ಸಿಸ್ಟರ್, ಇಬ್ರೂ ಬದುಕ್ತಾರೆ ಅಂತ ಆ ಚಿತ್ರದವ್ಳಿಗೆ ಯಾರು ಹೇಳಿದ್ರು?" ಅವಳ ಐದರಲ್ಲಿ ಉಳಿದದ್ದು ಮೂರು. ಇಪ್ಪತ್ತೆಂಟು ವರ್ಷ ಪಾಠ ಹೇಳಿದವಳು, ಅವಳ ಹೊದಿಕೆ ಸರಿಮಾಡಿ ಮುಂದಿನ ಮಂಚಕ್ಕೆ ಹೋದೆ.

ನಿನ್ನ ಚಿಕ್ಕ ಮಗನಿಗೆ ಇರುವುದು ಒಂದೇ ಹೆಣ್ಣುಮಗು. ಅದಕ್ಕೊಂದು ಕಿಟಕಿ ಕೊಡಿಸು. ತಪ್ಪಾಯಿತು, ಎರಡು ಒಲೆ ಎಂದು ತಕರಾರು ಅರ್ಜಿ ಹಾಕು.

ಮುನಿಸಿಕೊಂಡು ಹೋದೆ ಎಂದು ಬರೆದಿದ್ದೀಯ. ಹಾಗೇ ಅಂದುಕೊಂಡಿರು.

ನಿನ್ನ ತಂಗಿ


ಜುಲೈ ೮, ೧೯೮೬

ಮಹಾರಾಣಿಯವರ ಸನ್ನಿಧಾನಕ್ಕೆ,

ಮೊದಲ ಸಾಲು ಓದಿ, ಕೆಮ್ಮಿ, ಒಳಗೆ ಹೋದೆ. ವರಾಂಡದವರು ಇನ್ನೂ ಕಾಯುತ್ತಿದ್ದಾರೆ.

ವಿಚಾರಿಸಿದೆ. ಗಡಿಯಾರ ರಿಪೇರಿಯವನು ಎರಡು ಒಲೆ ಬರೆಸಿದ್ದ. ಗಂಡ ಹೆಂಡತಿ ಬಿಟ್ಟರೆ ಮನೆಯಲ್ಲಿ ಬೆಕ್ಕು! ಅಂಚೆಯಣ್ಣ ಮೂರು. ಅಷ್ಟು ಸ್ಟೌ ಎಲ್ಲಿಂದ ಬಂತು ಎನ್ನುತ್ತೀಯಾ? ಇದ್ದದ್ದೊಂದೇ ಸ್ಟೌ, ಒಂದು ಕಾಲು ಮುರಿದು ಇಟ್ಟಿಗೆ ಚೂರು ಕೊಟ್ಟದ್ದು. ಗುಮಾಸ್ತ ಮುಂಬಾಗಿಲಲ್ಲಿ ಬರೆಯುತ್ತಿದ್ದರೆ ಅದು ಹಿಂಬಾಗಿಲಿನಿಂದ ಮುಂದಿನ ಮನೆಗೆ ಹೋಗುತ್ತಿತ್ತು. ಹದಿನೇಳನೆಯ ಮನೆಯಲ್ಲಿ ಗುಮಾಸ್ತ ಪೆನ್ನು ಕೆಳಗಿಟ್ಟನಂತೆ. "ಈ ಕುಂಟ ಸ್ಟೌ ಎಲ್ಲಾ ಮನೇಲೂ ನನಗಿಂತ ಮುಂಚೆ ಬಂದು ಕೂತಿರುತ್ತಲ್ಲಾ. ಇದಕ್ಕೇ ಒಂದು ರೂಮ್ ಬರೆದುಬಿಡ್ಲಾ?"

ಅಲ್ಲಿಗೆ ನಾಟಕ ಮುಗಿಯಿತು. ಎಲ್ಲರ ಎರಡು, ಮೂರು ಹೊಡೆದುಹಾಕಿ ಎಲ್ಲರಿಗೂ ಒಂದು ಮಾಡಿದರು. ನಾನೊಬ್ಬನೇ ಮೊದಲಿನಿಂದಲೂ ಒಂದು ಎಂದವನು. ನಟ ನಿಜ ಹೇಳಿದ, ಊರೆಲ್ಲ ನಟಿಸಿತು!

ಆದರೂ ನೀನು ಹೇಳಿದೆಯಲ್ಲ ಎಂದು ಅರ್ಜಿ ಹಿಡಿದು ಕಚೇರಿಗೆ ಹೋದೆ. ಸೆಪ್ಟೆಂಬರ್ ಎರಡಕ್ಕೆ ವಿಚಾರಣೆ. ಒಲೆ ನಿಜವಾಗಿ ಒಡೆದಿದ್ದರೆ ಮಾತ್ರ ಎರಡನೆಯ ಕೋಣೆ. ಅದಕ್ಕೆ ಅಕ್ಕಪಕ್ಕದವರು ಸಾಕ್ಷಿ ಹೇಳಬೇಕು. ಆಮೇಲೂ ಒಂದು ವರ್ಷ ತಪಾಸಣೆಯವರು ಹೇಳದೆ ಕೇಳದೆ ಬರುತ್ತಾರೆ. ಒಲೆ ಮತ್ತೆ ಕೂಡಿದ್ದು ಕಂಡರೆ ಕೋಣೆ ವಾಪಸು.

ಸಾಹೇಬರು ಕೇಳಿದರು, "ಮನೇಲಿ ಜಗಳ ಗಿಗಳ ಏನಾದ್ರೂ ಇದೆಯಾ?"

"ಇಲ್ಲ ಸ್ವಾಮಿ. ಎಲ್ಲಾ ಚೆನ್ನಾಗಿದ್ದೀವಿ."

"ಚೆನ್ನಾಗಿದ್ರೆ ಒಂದೇ ಕೋಣೆ ಸಾಕಲ್ರೀ."

ಎದ್ದು ಬಂದೆ. ಆ ಕುಂಟ ಸ್ಟೌವಿನ ಕಂಪನಿಗೆ ನಾನು ಸೇರುವುದಿಲ್ಲ, ತಂಗೀ. ನಮ್ಮ ಕಂಪನಿ ಮಾಲೀಕರು ಯಾವಾಗಲೂ ಹೇಳುತ್ತಿದ್ದರು, "ನಿನ್ನ ಮುಖಕ್ಕೆ ರಾಜ ಒಪ್ಪುತ್ತಾನೆ, ಖಳ ಒಪ್ಪೋದಿಲ್ಲ. ನೀನು ಗದರಿದರೆ ಮುಂದಿನ ಸಾಲಿನ ಮಕ್ಕಳು ನಗ್ತಾರೆ" ಎಂದು.

ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ದಿದ್ದೆ. ನೀನು ಬರೆದದ್ದನ್ನೇ ಅವರೂ ಹೇಳಿದರು. ಇನ್ನೊಂದು ಚಳಿಗಾಲ ಆ ಕೋಣೆಯಲ್ಲಿ ಬೇಡ ಎಂದರು. ನನ್ನ ಹೆಗಲ ಮೇಲೆ ಕೂತು ಬರುವಾಗ ಅದರ ಎದೆ ನನ್ನ ಕಿವಿಗೆ ತಾಗಿತ್ತು. ಒಳಗೆ ಒಂದು ಪೀಪಿ ಊದಿದ ಹಾಗೆ.

ಬಸ್ಸು ಬಂತು. ಕೂಗಬೇಕು.

ಅಣ್ಣ


ಆಗಸ್ಟ್ ೨೧, ೧೯೮೬

ನಿನ್ನನ್ನು ಅಣ್ಣ ಎಂದು ಬರೆಯಲು ಪೆನ್ನು ಏಳುತ್ತಿಲ್ಲ.

ಚಿಕ್ಕವನ ಪತ್ರ ಇವತ್ತು ಕೈಸೇರಿತು. ನಾಲ್ಕು ಸಲ ಓದಿದೆ. ಭಾನುವಾರ ಮಧ್ಯಾಹ್ನ, ನಲ್ಲಿಯ ಮುಂದೆ ಇಡೀ ವಠಾರ ಸಾಲು ನಿಂತಿದ್ದಾಗ, ನೀನು ಅವರ ಹಾಸಿಗೆ, ಪಾತ್ರೆ, ಟ್ರಂಕು ಎಲ್ಲವನ್ನೂ ಅಂಗಳಕ್ಕೆ ಎಸೆದೆಯಂತೆ. ಕಾರಣ ಕೇಳಿದರೆ, "ಈ ಮಗು ಕೆಮ್ಮೋದು ಕೇಳಿ ಕೇಳಿ ಸಾಕಾಯ್ತು! ನನ್ನ ಒಲೇಲಿ ಇನ್ನು ನಿಮಗೆ ಅನ್ನ ಇಲ್ಲ, ಹೊರಡಿ!" ಎಂದೆಯಂತೆ. ಇವು ನಿನ್ನ ಬಾಯಿಂದ ಬಂದ ಮಾತು ಎಂದು ನಂಬಲು ನನಗೆ ಇಷ್ಟವಿಲ್ಲ. ಆದರೆ ನಿನ್ನ ಮಗ ಸುಳ್ಳು ಬರೆಯುವವನಲ್ಲ. ಅವನಿಗೆ ನಿನ್ನ ಹಾಗೆ ಕಥೆ ಕಟ್ಟಲು ಬರುವುದಿಲ್ಲ.

ಗಡಿಯಾರದವನು ಅಡ್ಡ ಬಂದರೆ ಅವನನ್ನೂ ನೂಕಿದೆಯಂತೆ. ದೊಡ್ಡವನು ಅತ್ತನಂತೆ. ಅತ್ತಿಗೆ ಪರದೆಯ ಹಿಂದಿನಿಂದ ಹೊರಗೇ ಬರಲಿಲ್ಲವಂತೆ. ಅವಳಿಗೆ ಏನಾಗಿದೆ? ಈಗ ಚಿಕ್ಕವ ವರಾಂಡದ ಕೊನೆಯಲ್ಲಿ ಮೂರು ಕಡೆ ತಗಡು ನಿಲ್ಲಿಸಿಕೊಂಡು ಬೇರೆ ಒಲೆ ಹೂಡಿದ್ದಾನೆ. ನಿನ್ನ ಕಣ್ಣೆದುರಿಗೆ. ನೀನು ಅದರ ಮುಂದೆಯೇ ಮೀಸೆ ತಿರುವಿಕೊಂಡು ಕೆಲಸಕ್ಕೆ ಹೋಗುತ್ತೀಯಂತೆ.

ನಾನು ಅರ್ಜಿ ಹಾಕು ಎಂದೆ. ಮಗುವನ್ನು ಬೀದಿಗೆ ಹಾಕು ಎನ್ನಲಿಲ್ಲ. ಆ ಎದೆಗೆ ಜಾಗ ಕೊಡಿಸು ಎಂದರೆ ಆ ಎದೆಯನ್ನೇ ಹೀಯಾಳಿಸಿದೆಯಲ್ಲ. ನಮ್ಮಪ್ಪ ಬದುಕಿದ್ದರೆ ನಿನ್ನ ಮುಖಕ್ಕೆ ಉಗಿಯುತ್ತಿದ್ದರು.

ಈ ಪತ್ರವನ್ನು ಧಾರಾಳವಾಗಿ ವರಾಂಡದಲ್ಲಿ ನಿಂತು ಓದು. ನಾಲ್ಕು ಜನ ಕೇಳಲಿ.


ನವೆಂಬರ್ ೯, ೧೯೮೬

ಅಣ್ಣ,

ಎರಡೂವರೆ ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಬೈದಾದರೂ ಬರೆಯುತ್ತೀಯ ಎಂದುಕೊಂಡಿದ್ದೆ.

ಚಿಕ್ಕವ ಬರೆದಿದ್ದಾನೆ, ಹೊಸ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ ಅವನಿಗೆ ಬೇರೆ ಕೋಣೆ ಸಿಕ್ಕಿತಂತೆ. ನೀವು ಕೆಳಗೆ, ಮೊದಲನೆಯದರಲ್ಲಿ. ಹೆತ್ತ ತಂದೆಗಿಂತ ಕಚೇರಿಯವರಿಗೇ ಕರುಳಿದೆ ಎಂದುಕೊಂಡೆ.

ಇವತ್ತು ರಜೆ. ಕೂತು ಯೋಚಿಸಿದರೆ ಸಿಟ್ಟಿಗಿಂತ ಹಳೆಯದೇ ನೆನಪಾಗುತ್ತದೆ. ಆ ಕೋಣೆಯ ಸುಣ್ಣದ ವಾಸನೆ, ಅಪ್ಪ ಗಿರಣಿಯ ರಾತ್ರಿಪಾಳಿ ಮುಗಿಸಿ ಬರುವಾಗ ನಾವು ಏಳುವುದು, ನಮ್ಮ ಹಾಸಿಗೆ ತಣ್ಣಗಾಗುವ ಮುಂಚೆ ಅವರು ಅದರ ಮೇಲೆ ಉರುಳುವುದು. ಅಮ್ಮ ನಗುತ್ತಿದ್ದಳು, "ನಮ್ಮನೆ ಹಾಸಿಗೆಗೆ ಮಾತ್ರ ರಜಾನೇ ಇಲ್ಲ" ಎಂದು. ನೀನು ಹಲಗೆಯ ಮೇಲೆ ಹತ್ತಿ ರಾಜನ ಮಾತು ಹೇಳುತ್ತಿದ್ದೆ. ನಾನು ಸೇನೆ. ಒಬ್ಬಳೇ ಇಡೀ ಸೇನೆ.

ನಿನಗೆ ಹೇಳದ ಒಂದು ಮಾತಿದೆ. ಹೇಳಬಾರದೆಂದೇ ಇದ್ದೆ. ಆದರೆ ಮನೆಯಿಂದ ಹೊರಗೆ ಹಾಕುವುದು ಎಂದರೇನು ಎಂದು ನೀನು ತಿಳಿಯಬೇಕು.

ನಿನ್ನ ಮದುವೆಗೆ ಇನ್ನು ಹದಿನೈದು ದಿನ. ಮಧ್ಯಾಹ್ನ ಎಲ್ಲರೂ ಹೊರಗೆ ಹೋಗಿದ್ದರು. ಅಮ್ಮ ನೆಲದ ಮೇಲೆ ಮಂಡಿಯೂರಿ ಗೋಡೆಯಿಂದ ಗೋಡೆಗೆ ಗೇಣು ಹಾಕುತ್ತಿದ್ದಳು. ಹದಿನಾರು ಗೇಣು. ಒಬ್ಬರಿಗೆ ಎರಡು ಗೇಣು. ಅಪ್ಪ ಪಾಳಿಗೆ ಹೋದರೆ ಎಂಟು ಜನ, ಸರಿಹೋಗುತ್ತಿತ್ತು. ಅತ್ತಿಗೆ ಬಂದರೆ ಒಂಬತ್ತು. ಅಮ್ಮ ಮತ್ತೆ ಮೊದಲಿನಿಂದ ಗೇಣು ಹಾಕಿದಳು, ಕೈಯನ್ನು ಸ್ವಲ್ಪ ಸಣ್ಣ ಮಾಡಿ. ಆಗಲೂ ಆಗಲಿಲ್ಲ. ತಲೆಯೆತ್ತಿದಾಗ ನಾನು ನಿಂತಿದ್ದೆ. "ಏನೂ ಇಲ್ಲ, ಸೂಜಿ ಬಿತ್ತು, ಹುಡುಕ್ತಿದ್ದೆ" ಎಂದಳು. ಮಾರನೆಯ ದಿನವೇ ನಾನು ನರ್ಸ್ ತರಬೇತಿಯ ಅರ್ಜಿ ತಂದೆ. ಅಲ್ಲಿ ಊಟ, ವಸತಿ ಎರಡೂ ಇತ್ತು. ನನಗೆ ಟೀಚರ್ ಆಗುವ ಆಸೆಯಿತ್ತು, ನಿನಗೆ ಗೊತ್ತು. ಮದುವೆಗೆ ನಿಂತರೆ ಹೋಗಲು ಮನಸ್ಸಾಗದು ಎಂದು ಮೊದಲೇ ಹೊರಟೆ.

ಮುನಿಸಲ್ಲ ಅಣ್ಣ, ಎರಡು ಗೇಣು.

ಉಳಿದವರೆಲ್ಲ ಹಾಯಾಗಿ ಕಾಲು ಚಾಚಲಿ ಎಂದು ನಾನೇ ಎದ್ದು ಬಂದೆ. ಆಮೇಲೆ ಯಾರನ್ನೂ ನೂಕುವ ಹೊತ್ತು ಬಾರದಿರಲಿ ಎಂದು ಬಂದೆ. ನೀನು ನೂಕಿದೆ.

ಇದನ್ನು ಯಾರಿಗೂ ಓದಿ ಹೇಳಬೇಡ.

ತಂಗಿ


ಮಾರ್ಚ್ ೧೫, ೧೯೮೭

ಅಣ್ಣ,

ಈ ಕಾರ್ಡಿಗಾದರೂ ಉತ್ತರ ಬರೆ. ಚಳಿಗಾಲ ಕಳೆಯಿತು, ಮಗು ಒಂದು ಸಲವೂ ಆಸ್ಪತ್ರೆಗೆ ಹೋಗಲಿಲ್ಲವಂತೆ. ನಿನಗೆ ಇದನ್ನು ಯಾರಾದರೂ ಹೇಳಿದರೋ ಇಲ್ಲವೋ, ಅದಕ್ಕೇ ಬರೆದೆ. ನೀನು ಮಾತು ನಿಲ್ಲಿಸಿದ್ದನ್ನು ಹುಟ್ಟಿದಾರಭ್ಯ ನೋಡಿಲ್ಲ. ಮೈಗೆ ಹುಷಾರಿಲ್ಲವೇ? ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದೀಯಾ?

ಬದುಕಿದ್ದೇನೆ ಎಂದು ಎರಡಕ್ಷರ ಬರೆದರೆ ಸಾಕು.

ತಂಗಿ


ಸೆಪ್ಟೆಂಬರ್ ೧೨, ೧೯೮೭

ತಂಗೀ,

ಬದುಕಿದ್ದೇನೆ.

ಹದಿನಾಲ್ಕು ತಿಂಗಳು ನಿನಗೆ ಬರೆಯದೆ ಇದ್ದೆ. ನಿನ್ನ ಮೂರೂ ಪತ್ರ ನನ್ನ ಅಂಗಿಯ ಜೇಬಿನಲ್ಲಿ ಸವೆದು ಮಡಿಕೆ ಹರಿದಿವೆ. ಈಗ ಬರೆಯಬಹುದು. ತಪಾಸಣೆಯ ವರ್ಷ ಮುಗಿಯಿತು. ಮೊನ್ನೆ ಚಿಕ್ಕವನ ಹೆಸರಿಗೆ ಹಕ್ಕುಪತ್ರ ಬಂತು, ದುಂಡು ಮೊಹರು, ಹಸಿರು ಸಹಿ. ಇನ್ನು ಯಾರಪ್ಪನೂ ಆ ಕೋಣೆಯನ್ನು ಕಿತ್ತುಕೊಳ್ಳಲಾರ.

ಅದು ನಾಟಕ, ತಂಗೀ.

ಚೆನ್ನಾಗಿದ್ದವರಿಗೆ ಒಂದೇ ಕೋಣೆ ಎಂದರಲ್ಲ ಸಾಹೇಬರು. ಹಾಗಾದರೆ ಕೆಟ್ಟವನೊಬ್ಬ ಬೇಕಾಯಿತು. ಯಾರನ್ನು ಮಾಡಲಿ? ಸೊಸೆ ಗಯ್ಯಾಳಿ ಎನ್ನಲೇ? ಮಗ ಸಾಲಗಾರ, ಕುಡುಕ ಎನ್ನಲೇ? ಅವರು ಆ ಕಟ್ಟಡದಲ್ಲಿ ಐವತ್ತು ವರ್ಷ ಬಾಳಬೇಕು. ಪಾತ್ರಧಾರಿಗಳ ಪಟ್ಟಿಯಲ್ಲಿ ಉಳಿದವನು ಒಬ್ಬನೇ. ಮೂವತ್ತು ದಿನ ಬಸ್ ನಿಲ್ದಾಣದಲ್ಲಿ ಮೈಕು ಆರಿಸಿ ಮಾತು ಉರು ಹೊಡೆದೆ. ಮಕ್ಕಳಿಗೆ ಹೇಳಲಿಲ್ಲ. ಆ ಕುಂಟ ಸ್ಟೌವಿನ ಪ್ರಸಂಗ ಆದ ಮೇಲೆ ಕಚೇರಿಯವರ ಕಣ್ಣು ಎಷ್ಟು ಚುರುಕಾಗಿತ್ತೆಂದರೆ, ಕಣ್ಣೀರು ಅಸಲಿ ಅಲ್ಲದಿದ್ದರೆ ಹಿಡಿದುಬಿಡುತ್ತಿದ್ದರು. ಗೊತ್ತಿದ್ದದ್ದು ನಿನ್ನ ಅತ್ತಿಗೆಗೆ ಮಾತ್ರ.

ಆ ಭಾನುವಾರ ಎಸೆಯುವುದೆಲ್ಲ ಎಸೆದೆ. ಕೂಗುವುದೆಲ್ಲ ಕೂಗಿದೆ. ಆದರೆ ಕೆಮ್ಮಿನ ಮಾತಿಗೆ ಬಂದಾಗ ನಾಲಿಗೆ ಅಂಟಿಕೊಂಡಿತು. ಮಗು ನನ್ನನ್ನೇ ನೋಡುತ್ತಿತ್ತು. ಸಾವಿರಾರು ಪ್ರಯೋಗದಲ್ಲಿ ಒಂದು ಮಾತು ಮರೆಯದವನು ಕೋಣೆಯ ಹೊಸ್ತಿಲಲ್ಲಿ ಬಾಯಿ ತೆರೆದು ನಿಂತೆ. ಅರಮನೆಯ ಪರದೆಯ ಹಿಂದಿನಿಂದ ನಿನ್ನ ಅತ್ತಿಗೆ ಪಿಸುಗುಟ್ಟಿದಳು, "ಕೆಮ್ಮು... ಕೆಮ್ಮು ಕೇಳಿ ಸಾಕಾಯ್ತು ಅನ್ನಿ." ಅವಳು ಹೊರಗೆ ಯಾಕೆ ಬರಲಿಲ್ಲ ಎಂದು ಕೇಳಿದ್ದೆಯಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತ ಮಾತು ಎತ್ತಿಕೊಡುತ್ತಿದ್ದಳು.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ನಿನ್ನ ಆಗಸ್ಟಿನ ಪತ್ರ ಬಂದಾಗ ವಿಚಾರಣೆಗೆ ಆರು ದಿನವಿತ್ತು. ಕೊನೆಯ ಸಾಲಿನಲ್ಲಿ ವರಾಂಡದಲ್ಲಿ ನಿಂತು ಓದು ಎಂದಿದ್ದೆ. ಓದಿದೆ! 'ಅಪ್ಪ ಉಗಿಯುತ್ತಿದ್ದರು' ಎಂಬಲ್ಲಿ ಗಡಿಯಾರದವನು ನಿಜವಾಗಿಯೂ ಉಗಿದ. ಅದೇ ಪತ್ರವನ್ನು ಅವನೇ ಕಚೇರಿಗೆ ಒಯ್ದು ಮೇಜಿನ ಮೇಲಿಟ್ಟ, "ನೋಡಿ ಸ್ವಾಮಿ, ಒಡಹುಟ್ಟಿದವಳೇ ಹೀಗೆ ಬರೆದಿದ್ದಾಳೆ ಅಂದ್ರೆ ಇವನೆಂಥ ಪಾಪಿ ಇರಬೇಕು!" ಸಾಹೇಬರು ಓದಿ, ನಕಲು ಮಾಡಿಸಿಕೊಂಡು, ಚಿಕ್ಕವನಿಗೆ ಕೋಣೆ ಮಂಜೂರು ಮಾಡಿದರು. ನಿನ್ನ ಸಿಟ್ಟು ಇವತ್ತಿಗೂ ಕಡತದಲ್ಲಿದೆ, ನಂಬರು ಹಾಕಿಕೊಂಡು. ಆ ಮಗುವಿಗೆ ಕಿಟಕಿ ಕೊಡಿಸಿದ್ದು ನಿನ್ನ ಪತ್ರ. ನಿಜ ಬರೆದಿದ್ದರೆ ನಿನ್ನಿಂದ ಅಂಥದ್ದು ಬರುತ್ತಿರಲಿಲ್ಲ.

ಆಮೇಲೆಯೂ ಹೆದರಿಕೆ. ತಪಾಸಣೆಯವರು ನಾಲ್ಕು ಸಲ ಬಂದರು. ನಿನ್ನ ಉತ್ತರ ತಂದುಕೊಡಬೇಕಾದ ಅಂಚೆಯಣ್ಣ ಪಕ್ಕದ ಮನೆಯಲ್ಲೇ ಇದ್ದಾನೆ, ಲಕೋಟೆಯನ್ನು ಬೆಳಕಿಗೆ ಹಿಡಿಯದೆ ಯಾರಿಗೂ ಕೊಟ್ಟವನಲ್ಲ. ಕಂಪನಿಯಲ್ಲಾದರೆ ಮೂರು ಗಂಟೆಯಲ್ಲಿ ಪಾತ್ರ ಮುಗಿಯುತ್ತಿತ್ತು, ಬಣ್ಣ ಒರೆಸಿ ಚಹಾ ಕುಡಿಯುತ್ತಿದ್ದೆವು. ಇದು ವರ್ಷದ ಪಾತ್ರ. ಮೆಟ್ಟಿಲಲ್ಲಿ ಮಗ ಎದುರಾದರೆ ಗೋಡೆ ನೋಡುತ್ತಿದ್ದ. ಕೆಳಗೆ ನಮ್ಮ ಕೋಣೆಯಲ್ಲಿ ಏಳು ಜನ ಕಾಲು 'ಚಾಚಿ' ಮಲಗಿದ್ದೇವೆ, ಆದರೆ ಕೆಮ್ಮು ಕೇಳಿಸದ ಮನೆಯಲ್ಲಿ ನನಗೆ ನಿದ್ದೆ ಹತ್ತಲು ತಿಂಗಳುಗಳೇ ಬೇಕಾದವು. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಪುಟ್ಟ ಕಾಲಿನ ಸದ್ದು ಕೇಳಿತು. ಒಂದನೆಯ ಅಂತಸ್ತು ದಾಟಿತು, ಎರಡನೆಯದು ದಾಟಿತು, ಉಸಿರಿಗೆ ಎಲ್ಲೂ ನಿಲ್ಲದೆ ಮೂರನೆಯದಕ್ಕೆ ಓಡಿಹೋಯಿತು. ಬಾಗಿಲ ಹಿಂದೆ ನಿಂತು ಕೇಳಿದೆ. ಅಂದು ನಿಲ್ದಾಣದಲ್ಲಿ ನಾನು ಎಂಥ ಗಟ್ಟಿ ಧ್ವನಿಯಲ್ಲಿ ಬಸ್ಸು ಕೂಗಿದೆ ಎಂದರೆ, ಮೇಲಧಿಕಾರಿ ಬಂದು, "ಏನ್ರೀ, ಬಸ್ಸು ಬಂತಾ, ರಾಜ ಬಂದ್ನಾ?" ಎಂದರು.

ಇನ್ನು ನಿನ್ನ ನವೆಂಬರಿನ ಪತ್ರ. ಅದನ್ನು ಯಾರಿಗೂ ಓದಲಿಲ್ಲ. ನಿನ್ನ ಅತ್ತಿಗೆಗೂ ಇಲ್ಲ.

ಆ ಮಧ್ಯಾಹ್ನ ಎಲ್ಲರೂ ಹೊರಗೆ ಹೋಗಿದ್ದರು ಎಂದು ಬರೆದಿದ್ದೀಯ. ನಾನು ಹೋಗಿರಲಿಲ್ಲ. ಬಾಗಿಲ ಆಚೆ, ಕಿಟಕಿಯ ಪಕ್ಕ ನಿಂತಿದ್ದೆ. ಅಮ್ಮ ಗೇಣು ಹಾಕಿದ್ದೂ ಕಂಡೆ, ನೀನು ಒಳಗೆ ಬಂದದ್ದೂ ಕಂಡೆ, ಸೂಜಿಯ ಮಾತೂ ಕೇಳಿದೆ. ನೀನು ಅರ್ಜಿ ತಂದ ದಿನ, ಹೋಗಬೇಡ ಎನ್ನಲು ನಾನು ಒಂದೇ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ಮದುವೆಯ ಹುಮ್ಮಸ್ಸು, ವಯಸ್ಸು ಇಪ್ಪತ್ತನಾಲ್ಕು. ಮುನಿಸಿಕೊಂಡು ಹೋದಳು ಎಂಬ ಕಥೆ ಕಟ್ಟಿದವನು ನಾನೇ. ಮೂವತ್ತೊಂದು ವರ್ಷ ಎಲ್ಲರಿಗೂ ಅದನ್ನೇ ಹೇಳಿದೆ, ಕೊನೆಗೆ ನಿನಗೂ. ಹಾಗೆ ಹೇಳಿಕೊಂಡರೆ ಆ ಎರಡು ಗೇಣಿನ ಮೇಲೆ ಮಲಗುವುದು ಸುಲಭವಾಗುತ್ತಿತ್ತು. ಗುಮಾಸ್ತನ ಮುಂದೆ ಒಂದೇ ಒಲೆ ಎಂದು ಅಬ್ಬರಿಸಿದ್ದೂ ಅದಕ್ಕೇ ಇರಬೇಕು. ಒಮ್ಮೆ ಒಬ್ಬಳು ಎದ್ದು ಹೋದ ಮೇಲೆ ಇನ್ನು ಯಾರೂ ಏಳಬಾರದು ಎಂಬ ಹಟ.

ಕ್ಷಮಿಸು ಎನ್ನಲು ಮಾತು ಹುಡುಕಿದೆ. ನನಗೆ ಗೊತ್ತಿದ್ದವೆಲ್ಲ ಬೇರೆಯವರು ಬರೆದುಕೊಟ್ಟ ಮಾತು. ಕ್ಷಮಿಸು.

ನಿನ್ನೆಯದನ್ನು ಹೇಳಿ ಮುಗಿಸುತ್ತೇನೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೂರನೆಯ ಅಂತಸ್ತಿಗೆ ಹತ್ತಿದೆ. ಮೂರು ಪುಟದ ಮಾತು ಸಿದ್ಧ ಮಾಡಿಕೊಂಡಿದ್ದೆ. ಬಾಗಿಲು ತೆರೆದವನು ಚಿಕ್ಕವ. ಬಾ ಎನ್ನಲಿಲ್ಲ. ನನ್ನ ಮೊದಲ ಸಾಲೇ ಮರೆತುಹೋಯಿತು.

ಒಳಗಿನಿಂದ ಸೊಸೆ ಕೈ ಒರೆಸಿಕೊಳ್ಳುತ್ತ ಬಂದಳು. "ಒಳಗ್ ಬನ್ನಿ ಮಾವ. ಕಾಗದ ಬಂತಲ್ಲ, ಇನ್ಯಾಕೆ ಹೊರಗೆ ನಿಂತ್ಕೋತೀರಾ?"

ನಾನು ಹೊಸ್ತಿಲು ದಾಟಿದೆ. ಚಿಕ್ಕವ ಅವಳ ಕಡೆ ತಿರುಗಿದ. "ಕಾಗದಕ್ಕೂ ಇವರಿಗೂ ಏನೇ ಸಂಬಂಧ?"

"ಅವತ್ತು ಹಾಸಿಗೆ ಎಸೆದ್ರು, ಪಾತ್ರೆ ಎಸೆದ್ರು, ಟ್ರಂಕು ಎಸೆದ್ರು. ಮಗು ಔಷಧಿ ಶೀಶೇನ ಮಾತ್ರ ಮುಚ್ಚಳ ಬಿಗಿ ಮಾಡಿ, ಮೆಟ್ಟಿಲ ಮೇಲೆ ನೆರಳು ನೋಡಿ ಇಟ್ರು. ನಾನ್ ನೋಡ್ದೆ."

"ಅವತ್ತೇ ಗೊತ್ತಿತ್ತಾ ನಿಂಗೆ? ನನಗ್ಯಾಕೆ ಹೇಳ್ಲಿಲ್ಲ?"

"ನಿಮಗೆ ಸಿಟ್ಟು ಬಂದಂಗೆ ನಟಿಸೋಕ್ ಬರುತ್ತಾ?"

ಶೀಶೆ ಇಟ್ಟದ್ದು ನನಗೇ ಗೊತ್ತಿಲ್ಲ, ತಂಗೀ! ಮೂವತ್ತು ದಿನದ ತಾಲೀಮಿನಲ್ಲಿ ಅದು ಇರಲೇ ಇಲ್ಲ. ಇಡೀ ವಠಾರ, ಕಚೇರಿ, ಸಾಹೇಬರು, ನೂರು ಮೈಲಿ ದೂರದ ನೀನು, ಎಲ್ಲರೂ ನಂಬಿದ ಪಾತ್ರದಲ್ಲಿ ಅಷ್ಟು ದೊಡ್ಡ ತೂತು! ಆ ಹುಡುಗಿ ವರ್ಷಪೂರ್ತಿ ನನ್ನನ್ನು ಕಂಡಾಗೆಲ್ಲ ಮುಖ ತಿರುವಿದ್ದಳು. ನನಗಿಂತ ಅವಳೇ ದೊಡ್ಡ ನಟಿ.

ಚಿಕ್ಕವ ಕಿಟಕಿಯ ಕಡೆ ತಿರುಗಿ ನಿಂತ. ಒಂದು ವರ್ಷದ ಸಿಟ್ಟು ಒಂದು ಮಾತಿಗೆ ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಹೊರಡೋಣ ಎಂದು ನಾನು ಬಾಗಿಲ ಕಡೆ ತಿರುಗಿದೆ. ಅಷ್ಟರಲ್ಲಿ ಅವನು ನನ್ನನ್ನು ದಾಟಿ ಹೊರಗೆ ಹೋದ, ಬಗ್ಗಿದ, ನಾನು ಮೆಟ್ಟಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನು ಎತ್ತಿಕೊಂಡು ಬಂದು ತನ್ನ ಚಪ್ಪಲಿಯ ಪಕ್ಕ ಒಳಗಿಟ್ಟ. ಬಾಗಿಲು ಹಾಕಿದ.

ನಿನ್ನ ಅಣ್ಣ